ಇ ಡ್ರೈವಿನ ಹನ್ನೆರಡು ಮಕ್ಕಳು

ನಮ್ಮ ದೆಹಲಿ ಕನ್ನಡಿಗರ ಪತ್ರಿಕೆಯಲ್ಲಿ ನಿವೃತ್ತರಿಗೆಂದು ಒಂದು ಪುಟವಿದೆ. ಅದರಲ್ಲಿ ಬರೆಯುವವರೆಲ್ಲ ಜಂಟಿ ಕಾರ್ಯದರ್ಶಿ, ಮುಖ್ಯ ಇಂಜಿನಿಯರ್ ಮುಂತಾಗಿ ಇದ್ದು ಬಂದವರು. ಅವರ ಫೋಟೋದಲ್ಲಿ ಕೂದಲಿಗಿಂತ ಹಣೆ ಹೆಚ್ಚು. ನಾನೂ ನಿವೃತ್ತನೇ ಸ್ವಾಮಿ, ನನಗೂ ಒಂದು ಪುಟ ಕೊಡಿ ಎಂದು ಸಂಪಾದಕರನ್ನು ಕೇಳಿದೆ. “ನಿಮಗೆ ವಯಸ್ಸೆಷ್ಟು?” ಎಂದರು. ಮೂವತ್ತು ಎಂದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಆ ಮೂರನ್ನೂ ನಾನು ಅವರೆದುರೇ ಮಾಡಿ ತೋರಿಸಿದೆ. ನಕ್ಕುಬಿಟ್ಟರು, ಜಾಗ ಸಿಕ್ಕಿತು.

ಸುಳ್ಳೇನಲ್ಲ. ಜನಕಪುರಿಯ ಬಾತ್ರಾ ಸಾಹೇಬರ ಕಂಪ್ಯೂಟರ್ ಅಂಗಡಿಯಲ್ಲಿ ಏಳು ವರ್ಷ ದುಡಿದು ಹೊರಬಂದಿದ್ದೇನೆ. ಬೀಳ್ಕೊಡುಗೆಯಲ್ಲಿ ಸಮೋಸಾ ಹಂಚಿದರು, ಗೋಡೆ ಗಡಿಯಾರ ಕೊಟ್ಟರು. ಈಗ ರೇಡಿಯೋ ಜಾಹೀರಾತುಗಳಿಗೆ ದನಿ ಕೊಡುತ್ತೇನೆ. ಪ್ರೆಶರ್ ಕುಕ್ಕರಿನ ಅತ್ತೆ, ಟೂತ್‌ಪೇಸ್ಟಿನ ಡಾಕ್ಟರು, ಎರಡೂ ನಾನೇ. ಬಡ್ತಿಯ ವಿಷಯ ಬರೆಯಲು ಏನೂ ಇಲ್ಲ. ಸೇರಿದ ದಿನವೂ ‘ಇಂಜಿನಿಯರ್ ಸಾಬ್’, ಬಿಟ್ಟ ದಿನವೂ ‘ಇಂಜಿನಿಯರ್ ಸಾಬ್’. ಓದಿದ್ದು ತುಮಕೂರಿನಲ್ಲಿ ಬಿ.ಕಾಂ. ಈ ಕಸುಬಿಗೆ ಹೊಸದಾಗಿ ಬರುವ ತಮ್ಮಂದಿರು, ತಂಗಿಯರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನನ್ನ ಏಳು ವರ್ಷದ ದೊಡ್ಡ ಪಾಲು ಕಾಯುವುದರಲ್ಲೇ ಹೋಯಿತು. ಪರದೆಯ ಮೇಲೆ ನೀಲಿ ಪಟ್ಟಿಯೊಂದು ಎಡದಿಂದ ಬಲಕ್ಕೆ ತೆವಳುತ್ತದೆ. ‘ಇನ್ನು ಮೂವತ್ತೊಂಬತ್ತು ನಿಮಿಷ’ ಎನ್ನುತ್ತದೆ. ಚಹಾ ಕುಡಿದು ಬಂದರೂ ಮೂವತ್ತೊಂಬತ್ತೇ. ಯಾರದೋ ಮನೆ, ಯಾರದೋ ಸೋಫಾ, ಕಿಟಕಿಯಾಚೆ ಡಿಸೆಂಬರಿನ ಮಂಜು. ಎದುರು ಮನೆ ಕಾಣುವುದಿಲ್ಲ, ಅಲ್ಲಿ ಯಾರೋ ಶುಂಠಿ ಜಜ್ಜುವ ಸದ್ದು ಮಾತ್ರ ಕೇಳುತ್ತದೆ. ಆ ನೀಲಿ ಪಟ್ಟಿಯನ್ನು ನೋಡುತ್ತ ನೋಡುತ್ತ ನಾನು ತುಮಕೂರಿಗೆ ಹೋಗಿ ಬಂದದ್ದಿದೆ, ಇಲ್ಲದ ಹೆಂಡತಿಯೊಡನೆ ಜಗಳವಾಡಿದ್ದಿದೆ.

ಆ ಕಾಲದಲ್ಲಿ ನಮ್ಮ ಅಂಗಡಿಯ ವಿಶೇಷ ಎಂದರೆ ಒಂದೇ ಕಂಪ್ಯೂಟರಿನಲ್ಲಿ ಎರಡು ಆಪರೇಟಿಂಗ್ ಸಿಸ್ಟಂ ಕೂರಿಸುವುದು: ವಿಂಡೋಸ್ ಒಂದು, ಲಿನಕ್ಸ್ ಒಂದು. ಹಾರ್ಡ್ ಡಿಸ್ಕನ್ನು ಒಂದು ಮನೆ ಎಂದುಕೊಳ್ಳಿ. ಒಳಗೆ ಗೋಡೆ ಎಬ್ಬಿಸಿ ಕೋಣೆ ಮಾಡಬೇಕು. ಒಂದು ಕೋಣೆಯಲ್ಲಿ ವಿಂಡೋಸ್, ಇನ್ನೊಂದರಲ್ಲಿ ಲಿನಕ್ಸ್, ಉಳಿದವುಗಳಲ್ಲಿ ಮನೆಯವರ ಸಾಮಾನು. ಸ್ವಿಚ್ ಒತ್ತಿದರೆ ಕಪ್ಪು ಪರದೆಯ ಮೇಲೆ ಎರಡು ಹೆಸರು ಮೂಡುತ್ತವೆ. ಇವತ್ತು ಯಾರು ಬೇಕು ಎಂದು ಕೇಳಿ, ಹತ್ತರಿಂದ ಕೆಳಗೆ ಎಣಿಸುತ್ತದೆ. ಸೊನ್ನೆಯೊಳಗೆ ಹೇಳದಿದ್ದರೆ ತಾನೇ ಒಂದನ್ನು ಆರಿಸುತ್ತದೆ.

ನನ್ನ ಮೊದಲ ಎಡವಟ್ಟು ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಆಯಿತು. ಮಾಥುರ್ ಸಾಹೇಬರು ಯಾವುದೋ ಸಚಿವಾಲಯದ ಅಧಿಕಾರಿ. ಅವರಿಗೆ ವಿಂಡೋಸ್ ಬೇಕು, ಇಸ್ಪೀಟು ಆಡಲು. ಗ್ರೇಟರ್ ನೋಯ್ಡಾದ ಹಾಸ್ಟೆಲಿನಿಂದ ಶನಿವಾರ ಶನಿವಾರ ಬರುವ ಮಗನಿಗೆ ಲಿನಕ್ಸ್ ಬೇಕು, ಕಾಲೇಜಿನ ಪ್ರಾಜೆಕ್ಟಿಗೆ. ಎರಡನ್ನೂ ಕೂರಿಸಿ ಬಂದೆ. ಎರಡು ತಿಂಗಳಿಗೆ ವಿಂಡೋಸ್ ನಿಧಾನವಾಯಿತು. ಅದೊಂದನ್ನೇ ತೆಗೆದು ಹೊಸದಾಗಿ ಹಾಕಿ, ಸಮಾಧಾನದಿಂದ ಅಂಗಡಿಗೆ ಮರಳಿದೆ. ಸಾಹೇಬರ ಫೋನು ಬಂತು. ಅವರು ಮಾತಾಡುವುದೂ ಗುಮಾಸ್ತನಿಗೆ ಪತ್ರ ಬರೆಸಿದಂತೆ.

“ಇರ್ಫಾನ್ ಜೀ, ಕಾಮಾ. ಮೇರೇ ಬೇಟೇ ಕಾ ಲಿನಕ್ಸ್ ಗಾಯಬ್ ಹೈ, ಫುಲ್‌ಸ್ಟಾಪ್.”

ಮಗನ ಲಿನಕ್ಸ್ ಮಾಯ! ಓಡಿದೆ. ಎರಡು ಹೆಸರಿನ ಆ ಪಟ್ಟಿ ಬರುತ್ತಲೇ ಇಲ್ಲ, ನೇರ ವಿಂಡೋಸ್. ಬಾತ್ರಾ ಸಾಹೇಬರಿಗೆ ಫೋನು ಮಾಡಿದರೆ ಅವರು ಮೊದಲು ಕೆಮ್ಮಿದರು. ಮೂರು ಸಣ್ಣ ಕೆಮ್ಮು, ಒಂದು ದೊಡ್ಡದು. ಈಗಲೂ ಬೇಕಾದರೆ ಮಾಡಿ ತೋರಿಸುತ್ತೇನೆ. “ಪುತ್ತರ್, ವಿಂಡೋಸ್ ಹಮೇಶಾ ಪಹಲೇ. ಲಿನಕ್ಸ್ ಬಾದ್ ಮೇಂ. ಉಲ್ಟಾ ಕರೇಗಾ ತೋ ದರ್ವಾಜಾ ಗಾಯಬ್” ಎಂದರು. ವಿಂಡೋಸ್ ಮೊದಲು ಹಾಕು, ಲಿನಕ್ಸ್ ಆಮೇಲೆ. ತಿರುಗಾಮುರುಗ ಮಾಡಿದರೆ ಬಾಗಿಲು ಮಾಯವಾಗುತ್ತದೆ ಎಂದು. ಕೋಣೆ ಅಲ್ಲೇ ಇರುತ್ತದಂತೆ. ಸೀಡಿ ಹಾಕಿ ಬಾಗಿಲು ಮತ್ತೆ ಕೊರೆದೆ. ಹುಡುಗನ ಪ್ರಾಜೆಕ್ಟು ಇದ್ದಲ್ಲೇ ಇತ್ತು. ‘ಏನೂ ಹೋಗಿರಲಿಲ್ಲ ಸಾಹೇಬರೇ, ಬಾಗಿಲು ಕಾಣ್ತಿರಲಿಲ್ಲ ಅಷ್ಟೇ’ ಎಂದು ಹಿಂದಿಯಲ್ಲಿ ಎದೆಯುಬ್ಬಿಸಿ ಹೇಳಿದೆ. ನನ್ನ ಹಿಂದಿ ಎಂದರೆ ನಮ್ಮ ಮನೆಯ ತುಮಕೂರು ಉರ್ದು. ಸಾಹೇಬರು ಅರ್ಧಕ್ಕೆ ನಕ್ಕರು, ಅರ್ಧ ಅರ್ಥವಾಗಲಿಲ್ಲ.

ಹತ್ತು ಎಣಿಸುವುದರೊಳಗೆ ಕನ್ನಡಕ ಸಿಗುವುದಿಲ್ಲ ಎಂದು ಅವರು ದೂರಿದ್ದರಿಂದ ಆ ಎಣಿಕೆಯನ್ನೇ ತೆಗೆದುಹಾಕಿದೆ. ಎಷ್ಟು ಹೊತ್ತಾದರೂ ಕಾಯುತ್ತದೆ. ಮುಂದಿನ ಸಲ ಪ್ರಿಂಟರ್ ನೋಡಲು ಹೋದಾಗ ಸಾಹೇಬರು ಆ ಕಪ್ಪು ಪರದೆಯ ಮುಂದೆ ಶಾಲು ಹೊದ್ದು ಕೂತಿದ್ದರು. ಚಳಿಗಾಲದ ಬಿಸಿಲು ಕೀಬೋರ್ಡಿನ ಮೇಲೆ ಬಿದ್ದಿತ್ತು. ಎರಡೂ ಹೆಸರು ಹಾಗೇ ನಿಂತಿದ್ದವು. ಏನು ಮಾಡ್ತಿದ್ದೀರಿ ಎಂದು ಕೇಳಿದೆ. “ಅಭೀ ಸೋಚ್ ರಹಾ ಹೂಂ” ಎಂದರು. ಇನ್ನೂ ಯೋಚಿಸುತ್ತಿದ್ದರಂತೆ. ನಾನೂ ಪಕ್ಕದಲ್ಲಿ ಕೂತೆ. ಕಂಪ್ಯೂಟರಿನ ಫ್ಯಾನು ಗುಯ್ಯೆನ್ನುತ್ತಿತ್ತು. ಇಬ್ಬರೂ ಸುಮಾರು ಹೊತ್ತು ಏನನ್ನೂ ಆರಿಸಲಿಲ್ಲ.

ಅಲ್ಲಿಂದ ನನಗೆ ತಲೆ ತಿರುಗಿತು. ಹೋದದ್ದೆಲ್ಲ ಇದ್ದೇ ಇರುತ್ತದೆ, ಬಾಗಿಲು ಕೊರೆಯಲು ಗೊತ್ತಿದ್ದರೆ ಸಾಕು ಎಂಬ ಜಂಬ ಬಂತು. ಬಾತ್ರಾ ಸಾಹೇಬರ ನಿಯಮ ‘ಪಹಲೇ ಬ್ಯಾಕಪ್, ಫಿರ್ ಚಾಯ್’. ಮೊದಲು ಪ್ರತಿ ತೆಗೆದಿಡು, ಆಮೇಲೆ ಚಹಾ. ನಾನು ಇದನ್ನು ಅವರ ದನಿಯಲ್ಲೇ ಹೇಳಿ ನಗಿಸುತ್ತ, ಚಹಾ ಮೊದಲು ಕುಡಿಯುತ್ತಿದ್ದೆ.

ಆಗ ಬಂದವರು ಸುನಂದಕ್ಕ.

ಧಾರವಾಡದವರು, ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಭಾಷಾಶಾಸ್ತ್ರದ ಸಂಶೋಧನೆ. ಜನಕಪುರಿಯಲ್ಲಿ ಒಂದು ತಾರಸಿ ಕೋಣೆ ಬಾಡಿಗೆಗೆ ಹಿಡಿದಿದ್ದರು. ದೆಹಲಿಯಲ್ಲಿ ಬೆಳೆಯುವ ಕನ್ನಡದ ಮನೆಯ ಮಕ್ಕಳು ಹನ್ನೆರಡು ಜನ. ಅವರ ಮಾತನ್ನು ಒಂದು ವರ್ಷದ ಅಂತರದಲ್ಲಿ ಎರಡೆರಡು ಸಲ ಕ್ಯಾಸೆಟ್ಟಿನಲ್ಲಿ ಹಿಡಿದು ಕಂಪ್ಯೂಟರಿಗೆ ಇಳಿಸಿದ್ದರು. ಆ ಕ್ಯಾಸೆಟ್ಟುಗಳ ಮೇಲೆಯೇ ಮುಂದಿನ ಮಗುವಿನ ಮಾತು ಹಿಡಿದಿದ್ದರು. ಅಂದರೆ ಆ ದನಿಗಳು ಇದ್ದದ್ದು ಕಂಪ್ಯೂಟರಿನಲ್ಲಿ ಮಾತ್ರ. ಮಗು ಕನ್ನಡದಿಂದ ಹಿಂದಿಗೆ ದಾಟುವಾಗ ನಡುವೆ ಎಷ್ಟು ಹೊತ್ತು ತಡೆಯುತ್ತದೆ ಎಂದು ಅಳೆಯುವುದು ಅವರ ಕೆಲಸ.

“ಎಷ್ಟು ಹೊತ್ತು ತಡೆಯುತ್ತೆ ಅಕ್ಕಾ?”

“ಕಣ್ಣ ಪಿಳುಕಿಸೂದರಾಗ ಮುಗೀತೈತಿ. ಅದಕ್ಕ ಯಂತ್ರ ಬೇಕು. ಆ ಯಂತ್ರದ ಪ್ರೋಗ್ರಾಂ ನಿನ್ನ ಲಿನಕ್ಸಿನಾಗ ಮಾತ್ರ ಓಡ್ತೈತಂತ. ಮೂರು ತಿಂಗಳಾಗ ಥೀಸಿಸ್ ಕೊಡಬೇಕೋ ತಮ್ಮಾ. ಲಗೂನ ಹಾಕಿಕೊಡು.”

ಅವರ ಕಂಪ್ಯೂಟರಿನಲ್ಲಿ ವಿಂಡೋಸ್ ಇದ್ದ ಸಿ ಬಿಟ್ಟು ಡಿ, ಇ ಎಂದು ಎರಡು ಕೋಣೆಗಳಿದ್ದವು. ಡಿ ಒಳಗಿನ ಒಂದು ರೆಕಾರ್ಡಿಂಗ್ ಹಾಕಿದೆ. ಕೂಲರಿನ ಗದ್ದಲ, ಎಲ್ಲೋ ದೂರದಲ್ಲಿ ಮಗು. “ಅವು ಕೆಟ್ಟಾವು. ತಗದ ಬಿಡು” ಎಂದು ಹೇಳಿ ಸುನಂದಕ್ಕ ತಾರಸಿಗೆ ಬಟ್ಟೆ ಒಣಗಿಸಲು ಹೋದರು. ಡಿ ಅಳಿಸಿದೆ. ಲಿನಕ್ಸಿಗೆ ಜಾಗ ಸಾಲಲಿಲ್ಲ. ಕೂತಲ್ಲಿಂದಲೇ ಕೂಗಿದೆ.

“ಅಕ್ಕಾ, ಜಾಗ ಸಾಲ್ತಿಲ್ಲ! ಇ ಡ್ರೈವ್?”

ಕೆಳಗೆ ರಸ್ತೆಯಲ್ಲಿ ಗಾಜರ್, ಅಂದರೆ ಕ್ಯಾರೆಟ್, ಮಾರುವ ಭಯ್ಯಾ ಕೂಗುತ್ತಿದ್ದ. ಸುನಂದಕ್ಕನಿಗೆ ಕೇಳಿಸಿದ್ದು ಕೊನೆಯ ಎರಡು ಶಬ್ದ. ಡಿ ಕೆಟ್ಟಿದೆ, ಇ ಹೇಗಿದೆ ಎಂದು ಹುಡುಗ ವಿಚಾರಿಸುತ್ತಿದ್ದಾನೆ ಎಂದುಕೊಂಡರು. ಹಗ್ಗಕ್ಕೆ ಕ್ಲಿಪ್ಪು ಸಿಕ್ಕಿಸುತ್ತಲೇ ಉತ್ತರಿಸಿದರು.

“ಚಲೋ!”

“ಚಲೋನಾ?”

“ಹೂಂ ಹೂಂ, ಚಲೋ! ಭಾಳ ಚಲೋ!”

ಧಾರವಾಡದಲ್ಲಿ ಚಲೋ ಎಂದರೆ ಚೆನ್ನಾಗಿದೆ. ದೆಹಲಿಯಲ್ಲಿ ಚಲೋ ಎಂದರೆ ನಡಿ, ಮುಂದುವರಿ. ತುಮಕೂರಿನವನಾದ ನನಗೆ ಮೊದಲನೆಯದು ಗೊತ್ತಿಲ್ಲದೇ ಇರಲಿಲ್ಲ. ಆದರೆ ಐದು ವರ್ಷದಿಂದ ಆಟೋದವನು, ಬಸ್ ಕಂಡಕ್ಟರು, ಬಾತ್ರಾ ಸಾಹೇಬರು ಬೆಳಗಿನಿಂದ ಸಂಜೆಯವರೆಗೆ ನನ್ನನ್ನು ಚಲೋ ಚಲೋ ಎಂದು ಅಟ್ಟಿ ಅಟ್ಟಿ, ಆ ಶಬ್ದ ಕಿವಿಗೆ ಬಿದ್ದರೆ ಕೈಕಾಲು ತಾವಾಗಿ ಮುಂದೆ ಹೋಗುತ್ತಿದ್ದವು. ‘ಭಾಳ’ ಎಂಬುದು ವಿಚಿತ್ರ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಒತ್ತಿದೆ.

ನೀಲಿ ಪಟ್ಟಿ ಎಡದಿಂದ ಬಲಕ್ಕೆ ಹೊರಟಿತು. ಒದ್ದೆ ಸೀರೆಯೊಂದರ ನೆರಳು ನೆಲದ ಮೇಲೆ ಹೋಗಿ ಬಂದು ಮಾಡುತ್ತಿತ್ತು. ನಾನು ಗಾಜರ್ ಭಯ್ಯಾನ ಕೂಗನ್ನು ಸಣ್ಣ ದನಿಯಲ್ಲಿ ಅಭ್ಯಾಸ ಮಾಡುತ್ತ, ಕಣ್ಣು ಅರೆಮುಚ್ಚಿ ತೂಗುತ್ತಿದ್ದೆ. ಅಷ್ಟು ಹಾಯಾದ ಮಧ್ಯಾಹ್ನ ನನಗೆ ಆಮೇಲೆ ಸಿಕ್ಕಿಲ್ಲ. ಸುನಂದಕ್ಕ ಚಹಾ ತಂದರು. ಲಿನಕ್ಸ್ ತೆರೆದುಕೊಂಡಿತು. ಸ್ಪೀಕರಿನಿಂದ ಮೊದಲ ಯತ್ನಕ್ಕೇ ಸದ್ದು ಬಂತು. ಆ ಕಾಲಕ್ಕೆ ಅದೊಂದು ಹಬ್ಬ.

“ಈಗ ಒಂದು ಹಾಕು ನೋಡೂಣು. ಶ್ರೇಯಾಂದು ಹಾಕು” ಎಂದರು.

“ಯಾವ ಶ್ರೇಯಾ?”

“ಇ ಒಳಗಿನ ಶ್ರೇಯಾ. ಗ್ರೇಟರ್ ನೋಯ್ಡಾದಾಕಿ.”

“ಅಕ್ಕಾ, ಇ ತೆಗೆದ್ನಲ್ಲ. ನೀವೇ ಚಲೋ ಅಂದ್ರಿ.”

“ಹೌದು, ಚಲೋ ಅದಾವು ಅಂದೆ.”

ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಶಬ್ದದ ಎರಡು ಅರ್ಥಗಳೂ ಒಟ್ಟಿಗೆ ನಮ್ಮಿಬ್ಬರಿಗೂ ಹೊಳೆದದ್ದು ಆಗಲೇ ಇರಬೇಕು. ಚಹಾದ ಲೋಟ ಅವರ ಕೈಯಲ್ಲೇ ಇತ್ತು. ಅದನ್ನು ಬಹಳ ಎಚ್ಚರದಿಂದ ಮೇಜಿನ ಮೇಲೆ ಇಟ್ಟರು. ನಾನು ಹಳೆಯ ಜಂಬದಲ್ಲಿ “ಏನೂ ಹೋಗಿಲ್ಲ ಅಕ್ಕಾ, ಬಾಗಿಲು ಅಷ್ಟೇ” ಎಂದೆ. ಹೇಳುತ್ತಿದ್ದಂತೆಯೇ ಗೊತ್ತಾಯಿತು, ಈ ಸಲ ಕೋಣೆಯನ್ನೇ ಕೆಡವಿ ಅದೇ ಜಾಗದಲ್ಲಿ ಬೇರೆಯವರನ್ನು ಕೂರಿಸಿದ್ದೇನೆ ಎಂದು.

ಹೊಸಬರಿಗೆ ಇಲ್ಲೊಂದು ಮಾತು: ಇಂಥದು ಆದ ಕ್ಷಣ ಕಂಪ್ಯೂಟರ್ ಆಫ್ ಮಾಡಿ. ಏನನ್ನೂ ಸರಿಮಾಡಲು ಹೋಗಬೇಡಿ. ಮಾಡುವ ಪ್ರತಿ ಕೆಲಸವೂ ಹಳೆಯದರ ಮೇಲೆ ಇನ್ನೊಂದಿಷ್ಟು ಬರೆಯುತ್ತದೆ. ಡಿಸ್ಕು ಬಿಚ್ಚಿ, ಬೇರೆ ಕಂಪ್ಯೂಟರಿಗೆ ಹಚ್ಚಿ, ಅಳಿದುಳಿದದ್ದನ್ನು ಹುಡುಕುವ ಪ್ರೋಗ್ರಾಂ ಓಡಿಸಬೇಕು.

ಡಿಸ್ಕನ್ನು ಸ್ವೆಟರಿನೊಳಗೆ ಇಟ್ಟುಕೊಂಡು ಅಂಗಡಿಗೆ ಹೋದೆ. ಬಾತ್ರಾ ಸಾಹೇಬರು ಕೆಮ್ಮಲೇ ಇಲ್ಲ, ಅಷ್ಟು ಗಂಭೀರವಾದರು. ಕೊನೆಗೆ “ಬೋಲ್ ದೇ ಡಿಸ್ಕ್ ಮರ್ ಗಯೀ” ಎಂದರು. ಡಿಸ್ಕು ಸತ್ತಿತು ಎಂದು ಹೇಳಿಬಿಡು ಎಂದು.

“ಸಾಬ್, ಅವರು ಅಲ್ಲೇ ಇದ್ದರು.”

“ತೋ ಯೂನಿವರ್ಸಿಟೀ ಕೋ ಬೋಲ್ ದೇ. ಲೆಟರ್‌ಹೆಡ್ ಪರ್ ಲಿಖ್ ದೂಂಗಾ, ಸ್ಟಾಂಪ್ ಕೇ ಸಾಥ್.”

ವಿಶ್ವವಿದ್ಯಾಲಯಕ್ಕೆ ಅಂಗಡಿಯ ಮೊಹರು ಹಾಕಿದ ಪತ್ರ ಕೊಡಲು ಸಿದ್ಧರಿದ್ದರು. ಒಳ್ಳೆಯ ಮನುಷ್ಯ. ನನ್ನನ್ನು ಉಳಿಸಲು ಸತ್ತ ಡಿಸ್ಕಿನ ಮೇಲೆ ಆಣೆ ಮಾಡುತ್ತಿದ್ದರು.

ಮೂರು ದಿನ ಹುಡುಕಾಟ ನಡೆಯಿತು. ಇಪ್ಪತ್ತನಾಲ್ಕು ರೆಕಾರ್ಡಿಂಗಿನಲ್ಲಿ ಇಪ್ಪತ್ತೊಂದು ಪೂರ್ತಿ ಸಿಕ್ಕವು. ಎರಡು ಒಂದಕ್ಕೊಂದು ಅಂಟಿಕೊಂಡು ಒಂದೇ ಕಡತವಾಗಿ ಬಂದವು. ಒಂದು ಬರಲೇ ಇಲ್ಲ. ಸಿಕ್ಕವಕ್ಕೂ ಹೆಸರಿರಲಿಲ್ಲ, ಬರೀ ಅಂಕಿ. ಯಾವುದು ಯಾವ ಮಗು, ಯಾವ ವರ್ಷದ್ದು ಎಂದು ಕೇಳಿಯೇ ಗುರುತಿಸಬೇಕು.

ದಿನವೂ ಊಟದ ಬಿಡುವಿನಲ್ಲಿ ಸುನಂದಕ್ಕನ ತಾರಸಿಗೆ ಹೋಗತೊಡಗಿದೆ. ಮೊದಲ ಎರಡು ದಿನ ಅವರು ಕುರ್ಚಿ ತೋರಿಸಿದರು, ಅಷ್ಟೆ. ಉದ್ದ ವೈರಿನ ಸ್ಪೀಕರ್ ಬಿಸಿಲಿಗೆ ತಂದಿಟ್ಟು, ಒಣಗಲು ಹರಡಿದ ರಜಾಯಿಯ ಪಕ್ಕ ಕೂತು ಕೇಳುತ್ತಿದ್ದೆವು. ಹೆಸರಿಲ್ಲದ ಮಕ್ಕಳು ಒಬ್ಬೊಬ್ಬರಾಗಿ ಬಂದು ಮಾತಾಡಿ ಹೋಗುತ್ತಿದ್ದರು. ದೋಸೆ ಮಗುಚುವುದಕ್ಕೆ ಒಂದು ಮಗು ‘ಅಜ್ಜಿ ದೋಸೇನ ಪಲಟ್ ಮಾಡ್ತಾಳೆ’ ಎನ್ನುತ್ತಿತ್ತು. ಇನ್ನೊಂದು ತನ್ನ ಹಲ್ಲು ಬಿದ್ದ ಕತೆಯನ್ನು ಕನ್ನಡದಲ್ಲಿ ಶುರುಮಾಡಿ, ಹಲ್ಲು ಬೀಳುವ ಹೊತ್ತಿಗೆ ಹಿಂದಿಗೆ ದಾಟುತ್ತಿತ್ತು. ಆ ದಾಟುವ ಜಾಗದಲ್ಲಿ ಒಂದು ಸಣ್ಣ ನಿಶ್ಶಬ್ದ. ಮಂಜು ಕರಗಿದ ಮಧ್ಯಾಹ್ನಗಳಲ್ಲಿ ಆ ನಿಶ್ಶಬ್ದಗಳನ್ನೇ ಕೇಳುತ್ತ ಕೂತರೆ ಕೆಳಗಿನ ರಸ್ತೆ, ಬಸ್ಸು, ಅಂಗಡಿ ಎಲ್ಲ ಯಾವುದೋ ದೂರದ ಊರಿನವು ಅನ್ನಿಸುತ್ತಿತ್ತು. ಕಂಪ್ಯೂಟರಿನಲ್ಲಿ ಒಮ್ಮೆಗೆ ಒಂದೇ ಸಿಸ್ಟಂ ಎದ್ದಿರುತ್ತದೆ, ಇನ್ನೊಂದು ಮಲಗಿರುತ್ತದೆ. ನಮ್ಮ ತಲೆಯೊಳಗೆ ಹಾಗೆ ಯಾರೂ ಮಲಗುವುದಿಲ್ಲ ಎಂದು ನನಗೆ ತಿಳಿದದ್ದು ಆ ತಾರಸಿಯ ಮೇಲೆ.

ಮೂರನೆಯ ದಿನ ಆ ಅಂಟಿಕೊಂಡ ಕಡತ ಬಂತು. ಹೆಣ್ಣುಮಗುವೊಂದು ಉತ್ಸಾಹದಿಂದ ಹೇಳುತ್ತಿತ್ತು: “ನಮ್ಮಮ್ಮ ನಾನು ಮಾರ್ಕೆಟ್ಟಿಗೆ ಹೋದ್ವಿ, ಅಲ್ಲಿ ಏನಾಯ್ತು ಗೊತ್ತಾ—” ಅಲ್ಲಿಗೆ ದನಿ ಬದಲಾಯಿತು. ಗಂಡುಮಗುವೊಂದು ಗೊಗ್ಗರು ದನಿಯಲ್ಲಿ ಮುಗಿಸಿತು: “—ಔರ್ ಹಾಥೀ ಸೋ ಗಯಾ.” ಮಾರ್ಕೆಟ್ಟಿನಲ್ಲಿ ಆನೆ ಮಲಗಿಬಿಟ್ಟಿತು!

ಸುನಂದಕ್ಕ ನಗತೊಡಗಿದರು. ಕಣ್ಣಲ್ಲಿ ನೀರು ಬಂದರೂ ನಿಲ್ಲಲಿಲ್ಲ. “ನೋಡೋ ತಮ್ಮಾ, ನಡುವ ಒಂದೀಟೂ ತಡೀಲಿಲ್ಲ. ಇಷ್ಟು ಚಂದ ದಾಟಿದ ಮಗು ನನಗ ಎರಡು ವರ್ಷದಾಗ ಸಿಕ್ಕಿರಲಿಲ್ಲ.” ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಆ ಕಡತವನ್ನು ಪಟ್ಟಿಯ ಹಾಳೆಯಲ್ಲಿ ಹೊಡೆದುಹಾಕಿದರು.

ಒಟ್ಟು ಮೂವರು ಮಕ್ಕಳ ಮೊದಲ ವರ್ಷದ ಮಾತು ಹೋಗಿತ್ತು. ಬರಲೇ ಇಲ್ಲದ ಆ ಒಂದು ಶ್ರೇಯಾಳದು. ಮತ್ತೆ ಮಾತಾಡಿಸೋಣ ಎಂದು ನಾನೇ ಹಟ ಹಿಡಿದು, ಟೇಪ್ ರೆಕಾರ್ಡರ್ ಹೊತ್ತುಕೊಂಡು ಅಕ್ಕನ ಜೊತೆ ಗ್ರೇಟರ್ ನೋಯ್ಡಾದ ಬಸ್ಸು ಹತ್ತಿದೆ. ಖಾಲಿ ಬಯಲಿನ ನಡುವೆ ಹೊಸ ಅಪಾರ್ಟ್‌ಮೆಂಟು, ಅರ್ಧ ಮನೆಗಳಿಗೆ ಇನ್ನೂ ಪರದೆ ಬಂದಿರಲಿಲ್ಲ. ಐದು ವರ್ಷಕ್ಕೆ ಅಕ್ಕನೆದುರು ಹರಳು ಹುರಿದಂತೆ ಕನ್ನಡ ಆಡಿದ್ದ ಮಗುವಿಗೆ ಈಗ ಏಳು. ಅಕ್ಕ ಚಿತ್ರ ತೋರಿಸಿ, “ಇದರಾಗ ಏನೇನ ಐತಿ ಹೇಳವ್ವಾ” ಎಂದರು. ಶ್ರೇಯಾ ಅಮ್ಮನ ಕಡೆ ನೋಡಿ, “ಆಂಟೀ, ಹಿಂದೀ ಮೇಂ ಬೋಲೂಂ? ಕನ್ನಡ ಅರ್ಥ ಆಗುತ್ತೆ, ಬಟ್ ಬರಲ್ಲ” ಎಂದಳು. ಅಕ್ಕ ಅವಳ ತಲೆ ಸವರಿ, “ಹೇಳವ್ವಾ, ನಿನಗ ಹೆಂಗ ಬೇಕೋ ಹಂಗ ಹೇಳು” ಎಂದರು. ಟೇಪ್ ರೆಕಾರ್ಡರನ್ನು ಚೀಲದಿಂದ ತೆಗೆಯಲೇ ಇಲ್ಲ.

ಮರಳುವಾಗ ಬಸ್ಸಿನಲ್ಲಿ ಆ ಚೀಲ ನನ್ನ ತೊಡೆಯ ಮೇಲಿತ್ತು. ಎಲ್ಲರ ದನಿಯನ್ನೂ ಕದಿಯುವ ನಾನು ಆ ಐದು ವರ್ಷದ ಶ್ರೇಯಾಳನ್ನು ಒಮ್ಮೆಯೂ ಕೇಳಿರಲಿಲ್ಲ, ಕೇಳುವ ಮೊದಲೇ ಅಳಿಸಿದ್ದೆ.

ಗೈಡ್ ಪ್ರೊಫೆಸರರು ಒಂಬತ್ತು ಮಕ್ಕಳ ಮೇಲೆಯೇ ಬರೆಯಲು ಒಪ್ಪಿದರು. ಅಧ್ಯಾಯ ಚಿಕ್ಕದಾಯಿತು, ಮೂವರು ಏಕಿಲ್ಲ ಎಂಬುದಕ್ಕೆ ಕಾರಣ ಬರೆಯಲೇಬೇಕಿತ್ತು. ನಾನು ಲೆಟರ್‌ಹೆಡ್ ಪತ್ರ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದೆ. ಅದನ್ನು ಕೊಡು ಎಂದು ಅಕ್ಕ ಕೇಳಲೇ ಇಲ್ಲ. ಥೀಸಿಸ್ ಬೈಂಡಿಂಗಿಗೆ ಕೊಟ್ಟ ದಿನ, ಬೈಂಡಿಂಗಿನವನ ಅಂಗಡಿಯ ಗೋಂದಿನ ವಾಸನೆಯ ನಡುವೆ ನಿಂತು ಆ ಪುಟ ತೆರೆದು ಓದಿದೆ. ಇಂಗ್ಲಿಷಿನಲ್ಲಿ ಒಂದೇ ವಾಕ್ಯ: ಸಂಶೋಧಕಿ ಆಡಿದ ಮಾತೊಂದು ಬೇರೆ ಅರ್ಥದಲ್ಲಿ ತಲುಪಿದ್ದರಿಂದ ಮೂರು ಧ್ವನಿಮುದ್ರಣಗಳು ನಾಶವಾದವು.

“ಅಕ್ಕಾ, ಇದೇನು? ಒತ್ತಿದ್ದು ನಾನು. ಬ್ಯಾಕಪ್ ತೆಗೀದೇ ಇದ್ದದ್ದು ನಾನು. ನನ್ನ ಹೆಸರು ಹಾಕಿ.”

“ಹಾಕೀನಲ್ಲ, ಮೊದಲಿನ ಪುಟಾ ನೋಡು. ಉಪಕಾರ ಸ್ಮರಣೆ ಒಳಗ ಐತಿ.”

“ಅಲ್ಲಿ ಯಾಕೆ? ಇಲ್ಲಿ ಹಾಕಿ!”

“ಏ, ಸುಮ್ನಿರೋ. ಕೇಳಿದಾವ ನೀನು, ಹೇಳಿದಾಕಿ ನಾನು. ದಿಲ್ಲಿಗೆ ಬಂದು ನಾಕು ವರ್ಷಾತು, ಇಲ್ಲಿ ಚಲೋ ಅಂದ್ರ ಏನಂತ ನನಗೂ ಗೊತ್ತಿಲ್ಲೇನು? ಅದನ್ನ ಕಲಿಯಾಕ ಬಂದಾಕಿ ನಾನ.” ಬೈಂಡಿಂಗಿನವನ ಕಡೆ ತಿರುಗಿ, “ಭಯ್ಯಾ, ಜರಾ ಜಲ್ದೀ” ಎಂದರು.

ಅಕ್ಕನಿಗೆ ಪದವಿ ಸಿಕ್ಕಿತು. ಗುಲ್ಬರ್ಗದ ಕಡೆ ಒಂದು ಕಾಲೇಜಿನಲ್ಲಿ ಕೆಲಸವೂ ಆಯಿತು. ಅಷ್ಟರಲ್ಲಿ ನಮ್ಮ ಕಸುಬೂ ತೆಳ್ಳಗಾಗುತ್ತಿತ್ತು. ಜನ ಲ್ಯಾಪ್‌ಟಾಪ್ ಕೊಳ್ಳತೊಡಗಿದ್ದರು, ಒಂದು ಸಿಸ್ಟಂ ಒಳಗೆ ಇನ್ನೊಂದನ್ನು ಕಿಟಕಿಯಂತೆ ತೆರೆಯುವ ಉಪಾಯ ಬಂದಿತ್ತು. ಗೋಡೆ ಎಬ್ಬಿಸುವ ನಮ್ಮಂಥವರನ್ನು ಕರೆಯುವವರು ಕಡಿಮೆಯಾದರು.

ಹೊರಡುವ ಮುನ್ನಾದಿನ ಸುನಂದಕ್ಕ ಅಂಗಡಿಗೆ ಬಂದರು. ಚೀಲದಿಂದ ಒಂದು ಸೀಡಿ ತೆಗೆದು ಕೌಂಟರಿನ ಮೇಲಿಟ್ಟರು. ಮೇಲೆ ಅವರ ಅಕ್ಷರದಲ್ಲಿ ಒಂಬತ್ತು ಮಕ್ಕಳ ಹೆಸರು.

“ಏನಾಗಿದೆ ಅಕ್ಕಾ? ಓಡ್ತಿಲ್ವಾ?” ಎಂದು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದೆ. ಗೀರು ಏನೂ ಕಾಣಲಿಲ್ಲ.

“ಏನೂ ಆಗಿಲ್ಲ. ಒಂದು ಪ್ರತಿ ನನ್ನ ಹತ್ರ ಐತಿ, ಒಂದು ಗೈಡ್ ಹತ್ರ. ಇದು ನಿನ್ನ ಹತ್ರ ಇರಲಿ.”

“ನನ್ನ ಹತ್ರಾನಾ?”

“ಹೂಂ. ನಿನ್ನ ಹತ್ರನ.”

ಬಾತ್ರಾ ಸಾಹೇಬರು ರಿಜಿಸ್ಟರು ತೆರೆದು, ಏನು ಕೆಲಸ ಎಂದು ಬರೆಯಲಿ ಎಂದು ಪೆನ್ನು ಹಿಡಿದು ನನ್ನನ್ನು ನೋಡಿದರು. ಆ ಕೌಂಟರಿನ ಮೇಲೆ ಏಳು ವರ್ಷ ಜನ ಇಟ್ಟದ್ದನ್ನೆಲ್ಲ ಸರಿಮಾಡಿ ವಾಪಸು ಕೊಡು ಎಂದೇ ಇಟ್ಟಿದ್ದರು. ಇಟ್ಟುಕೋ ಎಂದವರು ಅವರೊಬ್ಬರೇ.